"ಚೆನ್ನಾಗಿದೀನಿ ಸಿಸ್ಟ್ರೇ": ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೇಳದೆ ಉಳಿದ ತೊಂದರೆಗಳು

ನಾನು ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್. ಈ ಪ್ರಕರಣದ ಹೆಂಗಸನ್ನು ಮೊದಲ ದಿನದಿಂದ ಅಕ್ಕ ಅಂತಲೇ ಕರೆದೆ. ಇಲ್ಲೂ ಹಾಗೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ. ಒಪ್ಪುವಾಗ ಒಂದು ಮಾತು ಹೇಳಿದರು: "ನೀರಿನ ವಿಷಯ ಬರೀರಿ ಸಿಸ್ಟ್ರೇ, ಅದನ್ನ ಮಾತ್ರ ಬಿಡಬೇಡಿ." ಹಾಗಾಗಿ ನೀರಿನ ವಿಷಯಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಿನ್ನೆಲೆ

ಅಕ್ಕನಿಗೆ ಆಗ 43 ವರ್ಷ. ಮಧ್ಯ ಕರ್ನಾಟಕದ ಬಯಲುಸೀಮೆಯ ಹಳ್ಳಿ. ಎರಡೂವರೆ ಎಕರೆ ಜಮೀನು, ಅದರಲ್ಲಿ ಮೆಕ್ಕೆಜೋಳ, ಸ್ವಲ್ಪ ಈರುಳ್ಳಿ. ಓದಿದ್ದು ನಾಲ್ಕನೇ ಕ್ಲಾಸು. ಹದಿನೆಂಟಕ್ಕೆ ಮದುವೆ. ದೊಡ್ಡ ಮಗಳಿಗೆ ಮದುವೆಯಾಗಿ, ಅವಳಿಗೆ ಒಂದು ಕೂಸೂ ಇತ್ತು. ಮಗ ಊರ ಹತ್ತಿರದ ಪಟ್ಟಣದಲ್ಲಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ.

ಎಂಟು ತಿಂಗಳಿಂದ ಬಿಳಿ ಹೋಗುತ್ತಿತ್ತು, ವಾಸನೆ ಇತ್ತು. ಮುಟ್ಟಿನ ದಿನಗಳಲ್ಲದೆ ನಡುವೆಯೂ ರಕ್ತ ಕಾಣಿಸುತ್ತಿತ್ತು. ಗಂಡನ ಜೊತೆ ಸೇರಿದಾಗಲೂ ರಕ್ತ ಬರುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. "ಮುಟ್ಟು ನಿಲ್ಲೋ ಕಾಲ, ಹೀಗೇ ಆಗುತ್ತೆ" ಅಂತ ಓರಗಿತ್ತಿ ಸಮಾಧಾನ ಹೇಳಿದ್ದರು. ಕೊನೆಗೆ ಒಂದು ದಿನ ಹೊಲದಲ್ಲಿ ತಲೆ ಸುತ್ತಿ ಬಿದ್ದಾಗ ಆಸ್ಪತ್ರೆಗೆ ಕರೆತಂದರು. ಹಿಮೋಗ್ಲೋಬಿನ್ 8.6 ಇತ್ತು. ಪರೀಕ್ಷೆ, ಬಯಾಪ್ಸಿ, ಸ್ಕ್ಯಾನ್ ಎಲ್ಲ ಆದ ಮೇಲೆ ಗೊತ್ತಾಗಿದ್ದು ಗರ್ಭಕಂಠದ ಕ್ಯಾನ್ಸರ್, 2ಬಿ ಹಂತ. ಅಂದರೆ ಗೆಡ್ಡೆ ಗರ್ಭಕೋಶದ ಬಾಯಿ ದಾಟಿ ಪಕ್ಕದ ಅಂಗಾಂಶಕ್ಕೆ ಹಬ್ಬಿತ್ತು, ಆದರೆ ಸೊಂಟದ ಗೋಡೆವರೆಗೆ ಹೋಗಿರಲಿಲ್ಲ.

ಮನೆಯವರು ಕೇಳಿದ ಮೊದಲ ಮಾತು, "ಗರ್ಭಕೋಶ ತೆಗೆದುಬಿಡಿ, ಮುಗಿದು ಹೋಗಲಿ." ನಮ್ಮ ಕಡೆ ಇದು ಎಲ್ಲ ತೊಂದರೆಗೂ ಔಷಧಿ ಅನ್ನುವಷ್ಟು ಬೇರೂರಿದ ನಂಬಿಕೆ. ಆದರೆ 2ಬಿ ಹಂತದಲ್ಲಿ ಬರೀ ಗರ್ಭಕೋಶ ತೆಗೆದರೆ ಪಕ್ಕದಲ್ಲಿರುವ ರೋಗ ಹಾಗೇ ಉಳಿಯುತ್ತದೆ. ಈ ಹಂತಕ್ಕೆ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ, ಕೊನೆಗೆ ಒಳಗಿನಿಂದ ಕೊಡುವ ರೇಡಿಯೇಷನ್. 1999ರಿಂದ ಈಚೆಗೆ ಜಗತ್ತಿನ ಬಹುತೇಕ ಕಡೆ ಈ ಜೋಡಿ ಚಿಕಿತ್ಸೆಯೇ ನಡೆಯುತ್ತಿದೆ. ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಗಂಡ ಒಪ್ಪಿದರು. ಅಕ್ಕ ಏನೂ ಹೇಳಲಿಲ್ಲ, ತಲೆಯಾಡಿಸಿದರು.

ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಖರ್ಚು ಹೋಯಿತು. ಆದರೆ ಊಟ, ಉಳಿಯುವ ಜಾಗ, ಗಂಡನ ಕೂಲಿ ತಪ್ಪುವುದು, ಇವಕ್ಕೆ ಯಾವ ಕಾರ್ಡೂ ಇಲ್ಲ. ಊರಿಂದ ಆಸ್ಪತ್ರೆಗೆ 55 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಕೆಲವು ತಿಂಗಳಾಗಿತ್ತು, ಅಕ್ಕನಿಗೆ ಬಸ್ ಚಾರ್ಜಿಲ್ಲ. ಊರಲ್ಲಿ ಈರುಳ್ಳಿ ಕೀಳುವ ಕೆಲಸ ಬೇರೆ ಇತ್ತು. ದಿನಾ ಬೆಳಗ್ಗೆ ಬಂದು ಮಧ್ಯಾಹ್ನ ಹೋಗುತ್ತೇನೆ ಅಂದರು. ನಾವೂ ಸರಿ ಅಂದೆವು. ಮುಂದೆ ನಡೆದ ಅರ್ಧ ಕಥೆ ಈ "ಸರಿ"ಯಿಂದ ಬಂದದ್ದು.

ಯೋಜನೆ ಹೀಗಿತ್ತು

ಸೋಮವಾರದಿಂದ ಶುಕ್ರವಾರ, ಐದು ವಾರ, ಒಟ್ಟು 25 ದಿನ ಹೊರಗಿನ ರೇಡಿಯೇಷನ್, 50 ಗ್ರೇ (ಗ್ರೇ ಅಂದರೆ ಕಿರಣದ ಅಳತೆ). ಪ್ರತಿ ಮಂಗಳವಾರ ಸಿಸ್‌ಪ್ಲಾಟಿನ್, ಐದು ಸಲ. ಆಮೇಲೆ 7 ಗ್ರೇಯಂತೆ ಮೂರು ಸಲ ಒಳಗಿನ ರೇಡಿಯೇಷನ್, ಅಂದರೆ ಬ್ರಾಕಿಥೆರಪಿ. ಶುರುವಾದ ದಿನದಿಂದ ಎಂಟು ವಾರದೊಳಗೆ, ಅಂದರೆ 56 ದಿನದೊಳಗೆ ಎಲ್ಲ ಮುಗಿಯಬೇಕು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಈ ಲೆಕ್ಕ ಬಹಳ ಮುಖ್ಯ. ದಿನ ಎಳೆದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ, ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಮೊದಲು ಎರಡು ಬಾಟಲಿ ರಕ್ತ ಕೊಟ್ಟು ಹಿಮೋಗ್ಲೋಬಿನ್ 10ರ ಮೇಲೆ ತಂದೆವು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) 0.8, ಚೆನ್ನಾಗಿತ್ತು. ತೂಕ 51 ಕಿಲೋ.

ಇನ್ನೊಂದು ನಿಯಮವಿತ್ತು. ದಿನಾ ಮಷೀನಿನ ಮೇಲೆ ಮಲಗುವ ಮುಂಚೆ ಮೂತ್ರ ಮಾಡಿ ಬಂದು, ಅರ್ಧ ಲೀಟರ್ ನೀರು ಕುಡಿದು, 45 ನಿಮಿಷ ತಡೆದು ಕೂರಬೇಕು. ಮೂತ್ರಚೀಲ ತುಂಬಿದ್ದರೆ ಅದು ಸಣ್ಣ ಕರುಳನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಕರುಳಿಗೆ ಕಿರಣ ಕಡಿಮೆ ಬೀಳುತ್ತದೆ. ನಾವು "ನೀರು ಕುಡಿದು ಬನ್ನಿ" ಅಂತ ಹೇಳಿದೆವು. ಯಾಕೆ ಅಂತ ಹೇಳಲಿಲ್ಲ. ಇದು ನಮ್ಮ ಮೊದಲ ತಪ್ಪು.

ಮೂರು ವಾರ

ಮೊದಲ ವಾರ ವಾಂತಿ, ಸುಸ್ತು. ಮಾತ್ರೆ ಕೊಟ್ಟೆವು, ಕಡಿಮೆಯಾಯಿತು. ಎರಡನೇ ವಾರದ ಕೊನೆಗೆ ರಕ್ತ ಹೋಗುವುದು ನಿಂತಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಗಂಡ ನನ್ನ ಹತ್ತಿರ ಬಂದು "ಮೇಡಂ, ವಾಸಿ ಆಯ್ತು ಅನ್ಸುತ್ತೆ" ಅಂದರು. ರಕ್ತ ನಿಲ್ಲುವುದು ಒಳ್ಳೆಯ ಲಕ್ಷಣ, ಆದರೆ ರೋಗ ಹೋಗಿಲ್ಲ ಅಂತ ನಾನು ಹೇಳಿದೆ. ಎಷ್ಟು ಗಟ್ಟಿಯಾಗಿ ಹೇಳಿದೆನೋ ನೆನಪಿಲ್ಲ. ಬೆಳಗ್ಗೆ ಅರವತ್ತು ಜನ ಕಾಯುತ್ತಿರುವ ಜಾಗದಲ್ಲಿ ಒಬ್ಬೊಬ್ಬರ ಹತ್ತಿರ ನಿಂತು ಎಷ್ಟು ಹೊತ್ತು ಮಾತಾಡಲಾಗುತ್ತದೆ?

ಮೂರನೇ ವಾರ ಭೇದಿ ಶುರುವಾಯಿತು. ಹೊಟ್ಟೆ ಕೆಳಭಾಗಕ್ಕೆ ರೇಡಿಯೇಷನ್ ಕೊಟ್ಟಾಗ ಎರಡು ಮೂರನೇ ವಾರದಲ್ಲಿ ಇದು ಬಹಳ ಜನರಿಗೆ ಬರುತ್ತದೆ. ಕರುಳಿನ ಒಳಪದರದ ಕೋಶಗಳು ಬೇಗ ಬೇಗ ಹುಟ್ಟುವಂಥವು, ಕಿರಣ ಮೊದಲು ಹೊಡೆಯುವುದು ಅವನ್ನೇ. ನಮಗೆ ಇದು ಗೊತ್ತು. ಗೊತ್ತಿದ್ದೂ ನಾನು ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ: "ಹೇಗಿದೀರಕ್ಕ, ಚೆನ್ನಾಗಿದೀರಾ?" ಅಕ್ಕನ ಉತ್ತರವೂ ಒಂದೇ: "ಚೆನ್ನಾಗಿದೀನಿ ಸಿಸ್ಟ್ರೇ."

ಆ ವಾರದ ಸ್ಕ್ಯಾನ್ ಚಿತ್ರದಲ್ಲಿ ಮೂತ್ರಚೀಲ ಸಣ್ಣದಾಗಿ ಕಂಡಿತು. ಟೆಕ್ನಿಷಿಯನ್ "ನೀರು ಕುಡಿದಿದೀರಾ?" ಅಂತ ಕೇಳಿದರು. ಹೂಂ ಅಂದರು. ಶುಕ್ರವಾರ ತೂಕ 47 ಕಿಲೋ. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದಿತ್ತು. ಆ ಸಂಖ್ಯೆ ಫೈಲಿನಲ್ಲಿ ನನ್ನ ಕೈಬರಹದಲ್ಲೇ ಇದೆ. ಬರೆದೆ, ಹಿಂದಿನ ವಾರದ್ದು ನೋಡಲಿಲ್ಲ, ಮುಂದಿನವರನ್ನು ಕರೆದೆ.

ಸೋಮವಾರ ಅಕ್ಕ ಬರಲಿಲ್ಲ.

ಬಾರದ ಐದು ದಿನ

ಸೋಮವಾರ ಫೋನ್ ಮಾಡಿದೆವು, ಸ್ವಿಚ್ ಆಫ್. ಆ ನಂಬರು ಮಗನದು, ಅವನು ಪಟ್ಟಣದಲ್ಲಿದ್ದ. ಮಂಗಳವಾರವೂ ಇಲ್ಲ, ಆ ದಿನದ ಕೀಮೋ ತಪ್ಪಿತು. ಬುಧವಾರ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಆಶಾ ಕಾರ್ಯಕರ್ತೆಯ ನಂಬರು ತೆಗೆದುಕೊಂಡೆ. ಅವರು ಸಂಜೆಯೇ ಮನೆಗೆ ಹೋದರು. ಅಕ್ಕ ಒಳಮನೆಯಲ್ಲಿ ಚಾಪೆ ಮೇಲೆ ಮಲಗಿದ್ದರಂತೆ. ಎದ್ದು ಕೂರುವ ಶಕ್ತಿ ಇರಲಿಲ್ಲ.

ಮನೆಯವರ ಯೋಚನೆ ಅವರ ಮಟ್ಟಿಗೆ ಸರಿಯಾಗೇ ಇತ್ತು. ರಕ್ತ ನಿಂತಿದೆ, ಅಂದರೆ ಕಾಯಿಲೆ ಹೋಗಿದೆ. ಈಗ ಬಂದಿರುವುದು ಕರೆಂಟಿನಿಂದ. ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟು ಅಂತಲೇ ಹೇಳುತ್ತಾರೆ. "ಕರೆಂಟು ಕೊಟ್ಟು ಕರುಳು ಸುಟ್ಟುಬಿಟ್ಟಿದಾರೆ, ಇನ್ನೂ ಕೊಟ್ಟರೆ ಉಳಿಯಲ್ಲ" ಅಂತ ಅತ್ತೆ ಹೇಳಿದ್ದರು. ಕೆಲವು ದಿನ ಬಿಟ್ಟು ಶಕ್ತಿ ಬಂದ ಮೇಲೆ ಹೋಗೋಣ ಅಂತ ಎಲ್ಲ ಸೇರಿ ತೀರ್ಮಾನ ಮಾಡಿದ್ದರು. ಶಕ್ತಿ ಬರಲಿ ಅಂತ ಬೀಟ್ರೂಟ್ ಜ್ಯೂಸು, ನುಗ್ಗೆಸೊಪ್ಪಿನ ಪಲ್ಯ, ದಿನಕ್ಕೆ ಎರಡು ಲೋಟ ಹಾಲು ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಒಳಪದರ ಕಿತ್ತುಹೋದ ಕರುಳಿಗೆ ಸೊಪ್ಪಿನ ನಾರೂ ಹಾಲೂ ಸೇರಿದರೆ ಭೇದಿ ಇನ್ನೂ ಜೋರಾಗುತ್ತದೆ. ಹಾಗೇ ಆಯಿತು.

ಆಶಾ ಕಾರ್ಯಕರ್ತೆ ತಮ್ಮ ಫೋನಿನಿಂದಲೇ ಗಂಡನಿಗೆ ನಮ್ಮ ಡಾಕ್ಟರ ಜೊತೆ ಮಾತಾಡಿಸಿದರು. ಡಾಕ್ಟರು ಬೈಯಲಿಲ್ಲ. "ನೀವು ಹೆದರಿದ್ದು ಸರಿ, ಭೇದಿ ನಿಲ್ಲಿಸೋದು ನಮ್ಮ ಕೆಲಸ. ಆದರೆ ಅರ್ಧಕ್ಕೆ ಬಿಟ್ಟರೆ ಇಷ್ಟು ದಿನ ಪಟ್ಟ ಕಷ್ಟ ನೀರಲ್ಲಿ ಹೋಮ" ಅಂದರು. ಹತ್ತು ನಿಮಿಷದ ಮಾತು. ಈ ಪ್ರಕರಣದಲ್ಲಿ ಅಕ್ಕನ ಜೀವ ಉಳಿಸಿದ್ದು ಯಾವುದು ಅಂತ ಯಾರಾದರೂ ಕೇಳಿದರೆ, ನಾನು ಆ ಆಶಾ ಕಾರ್ಯಕರ್ತೆಯ ಸಂಜೆಯ ನಡಿಗೆಯನ್ನೇ ಹೇಳುತ್ತೇನೆ. ಗಂಡ ಆದರೂ ಮೂರು ನಾಲ್ಕು ದಿನ ತೆಗೆದುಕೊಂಡರು. ಭಾನುವಾರ ಸಂಜೆ ಊರಿನವರೊಬ್ಬರ ಗಾಡಿಯಲ್ಲಿ ಕರೆತಂದರು.

ಚೀಲದಲ್ಲಿದ್ದ ಬಟ್ಟೆ

ಸೋಮವಾರ, ಅಂದರೆ 29ನೇ ದಿನ, ರಕ್ತಪರೀಕ್ಷೆ ಬಂತು. ಕ್ರಿಯಾಟಿನಿನ್ 1.9. ನಾಲಿಗೆ ಒಣಗಿತ್ತು, ಬಿಪಿ ಇಳಿದಿತ್ತು. ಒಳಗೆ ಸೇರಿಸಿಕೊಂಡು ಡ್ರಿಪ್ ಹಾಕಿದೆವು. ಇಲ್ಲಿ ಒಂದು ನಿರ್ಧಾರ ಆಗಬೇಕಿತ್ತು. ಅಕ್ಕ ಚೇತರಿಸಿಕೊಳ್ಳುವವರೆಗೆ ರೇಡಿಯೇಷನ್ ನಿಲ್ಲಿಸುವುದಾ, ಮುಂದುವರಿಸುವುದಾ? ಈಗಾಗಲೇ ಒಂದು ವಾರ ಹೋಗಿತ್ತು. ಡಾಕ್ಟರು ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರು. ಸಿಸ್‌ಪ್ಲಾಟಿನ್ ಕಿಡ್ನಿಗೆ ನೇರವಾಗಿ ಪೆಟ್ಟು ಕೊಡುವ ಔಷಧಿ, ಅದು ಈ ವಾರ ಬೇಡ. ರೇಡಿಯೇಷನ್ ಮಾತ್ರ ಇವತ್ತಿನಿಂದಲೇ, ವಾರ್ಡಿನಿಂದ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ. ಕೀಮೋ ಒಂದು ಡೋಸ್ ತಪ್ಪಿದರೂ ನಡೆಯುತ್ತದೆ, ರೇಡಿಯೇಷನ್ ದಿನಗಳು ತಪ್ಪಬಾರದು. ಆ ನಿರ್ಧಾರ ಸರಿಯಾಗಿತ್ತು ಅಂತ ಈಗಲೂ ಅನಿಸುತ್ತದೆ.

ಆ ರಾತ್ರಿ ನನ್ನದೇ ಡ್ಯೂಟಿ. ಸೀರೆ ಬದಲಿಸಲು ಅಕ್ಕನ ಕೈಚೀಲ ತೆಗೆದೆ. ಅದರಲ್ಲಿ ಹಳೇ ಸೀರೆ ಹರಿದು ಮಡಚಿದ ಬಟ್ಟೆ ಆರೇಳು, ಒಂದು ಲಂಗ, ಎರಡು ಪ್ಲಾಸ್ಟಿಕ್ ಕವರು. "ಇಷ್ಟೊಂದು ಬಟ್ಟೆ ಯಾಕಕ್ಕ?" ಅಂತ ಕೇಳಿದೆ. ಆವತ್ತು ನಾನು "ಹೇಗಿದೀರಾ" ಅಂತ ಕೇಳಲಿಲ್ಲ, ಬಟ್ಟೆ ಯಾಕೆ ಅಂತ ಕೇಳಿದೆ. ಅದಕ್ಕೇ ಉತ್ತರ ಬಂತು.

ಮೂರನೇ ವಾರದ ಮೊದಲ ದಿನವೇ ಬಸ್ಸಿನಲ್ಲಿ ತಡೆಯಲಾಗದೆ ಸೀರೆ ಕೆಟ್ಟಿತ್ತು. ಪಕ್ಕದಲ್ಲಿ ಕೂತವರು ಎದ್ದು ಬೇರೆ ಕಡೆ ಹೋದರಂತೆ. ಎರಡು ಗಂಟೆಯ ದಾರಿ, ನಡುವೆ ನಿಲ್ಲಿಸಿ ಅಂತ ಗಂಡಸರ ಮುಂದೆ ಕೇಳುವುದು ಹೇಗೆ? ಅವತ್ತಿನಿಂದ ಅಕ್ಕ ಒಂದು ಉಪಾಯ ಮಾಡಿಕೊಂಡರು. ಹಿಂದಿನ ದಿನ ಸಂಜೆ ಐದರ ಮೇಲೆ ಅನ್ನ ಇಲ್ಲ, ನೀರಿಲ್ಲ. ಬೆಳಗ್ಗೆ ಆರೂವರೆಯ ಬಸ್ಸು. ಆಸ್ಪತ್ರೆಯಲ್ಲೂ ನೀರು ಕುಡಿಯುತ್ತಿರಲಿಲ್ಲ, ಯಾಕೆಂದರೆ ಮತ್ತೆ ವಾಪಸ್ ಬಸ್ಸಿದೆ. ಮಧ್ಯಾಹ್ನ ಎರಡಕ್ಕೆ ಮನೆಗೆ ಹೋದ ಮೇಲೆ ಒಂದು ಲೋಟ ನೀರು. "ಒಳಗೆ ಏನೂ ಇಲ್ಲದಿದ್ರೆ ಹೊರಗೆ ಏನು ಬರುತ್ತೆ ಅಂತ ಅಂದ್ಕೊಂಡೆ" ಅಂದರು.

ಎಷ್ಟು ನೇರವಾದ ತರ್ಕ ನೋಡಿ. ಆದರೆ ಅದು ಮೂರು ಕಡೆ ಪೆಟ್ಟು ಕೊಟ್ಟಿತ್ತು. ನೀರಿಲ್ಲದ ಕಿಡ್ನಿಯ ಮೇಲೆ ಸಿಸ್‌ಪ್ಲಾಟಿನ್ ಬಿತ್ತು. ಮೂತ್ರಚೀಲ ಖಾಲಿ ಇದ್ದುದರಿಂದ ಸಣ್ಣ ಕರುಳು ಕೆಳಗಿಳಿದು ಕಿರಣದ ದಾರಿಗೆ ಬಂತು. ಕರುಳಿಗೆ ಕಿರಣ ಜಾಸ್ತಿ ಬಿದ್ದಷ್ಟೂ ಭೇದಿ ಜಾಸ್ತಿ. ಭೇದಿ ಜಾಸ್ತಿಯಾದಷ್ಟೂ ಅಕ್ಕ ನೀರು ಇನ್ನಷ್ಟು ಬಿಟ್ಟರು. ಭೇದಿಗೆ ಹೆದರಿ ಮಾಡಿದ ಉಪಾಯವೇ ಭೇದಿಯನ್ನು ಹೆಚ್ಚಿಸುತ್ತಿತ್ತು. ನಾವು ಮೊದಲ ದಿನ ಎರಡು ವಾಕ್ಯದಲ್ಲಿ ಕಾರಣ ಹೇಳಿದ್ದರೆ ಅಕ್ಕನಿಗೆ ಇದು ಖಂಡಿತ ಅರ್ಥವಾಗುತ್ತಿತ್ತು. ಆ ರಾತ್ರಿ ಹೇಳಿದಾಗ ತಕ್ಷಣ ಅರ್ಥವಾಯಿತು. "ಮಡಕೆ ತುಂಬಿದ್ರೆ ಸಿಂಬೆ ಜಾಗದಲ್ಲೇ ಇರುತ್ತೆ ಅಲ್ವಾ, ಹಂಗೆ" ಅಂದರು. ನನ್ನ ವಿವರಣೆಗಿಂತ ಅದು ಚೆನ್ನಾಗಿತ್ತು. ಈಗ ನಾನು ಬೇರೆಯವರಿಗೂ ಆ ಮಾತನ್ನೇ ಹೇಳುತ್ತೇನೆ.

ಮೂರು ದಿನ ಡ್ರಿಪ್, ಭೇದಿ ನಿಲ್ಲಿಸಲು ಲೋಪೆರಮೈಡ್, ಓಆರ್‌ಎಸ್. ಊಟ ಬದಲಿಸಿದೆವು: ಅನ್ನದ ಗಂಜಿ, ಸಬ್ಬಕ್ಕಿ ಗಂಜಿ, ಉಪ್ಪು ಹಾಕಿದ ತಿಳಿ ಮಜ್ಜಿಗೆ, ಬಾಳೆಹಣ್ಣು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ. ಸೊಪ್ಪು, ಹಸಿ ತರಕಾರಿ, ಹಾಲು, ಕರಿದದ್ದು ಸದ್ಯಕ್ಕೆ ಬೇಡ. ಗುರುವಾರದ ಹೊತ್ತಿಗೆ ಭೇದಿ ದಿನಕ್ಕೆ ಎರಡು ಮೂರಕ್ಕೆ ಇಳಿಯಿತು. ಆಸ್ಪತ್ರೆ ಹತ್ತಿರದ ಒಂದು ಛತ್ರದಲ್ಲಿ ಉಳಿಯಲು ವ್ಯವಸ್ಥೆ ಮಾಡಿದೆವು, ಮಗಳು ಕೂಸಿನ ಸಮೇತ ಜೊತೆಗೆ ಬಂದಳು. ಈ ಛತ್ರ ಮೊದಲ ದಿನವೂ ಅಲ್ಲೇ ಇತ್ತು. ನಾವು ಕೇಳಿರಲಿಲ್ಲ, ಅಷ್ಟೇ.

ಮುಂದಿನ ಮಂಗಳವಾರ, 37ನೇ ದಿನ, ಕ್ರಿಯಾಟಿನಿನ್ 1.0ಕ್ಕೆ ಇಳಿದಿತ್ತು. ನಾಲ್ಕನೇ ಕೀಮೋ ಕೊಟ್ಟರು. ಐದನೆಯದು ಕೊಡಲಿಲ್ಲ. 40ನೇ ದಿನಕ್ಕೆ ಹೊರಗಿನ ರೇಡಿಯೇಷನ್ ಮುಗಿಯಿತು. ತೊಡೆಸಂದಿಯ ಚರ್ಮ ಕಪ್ಪಾಗಿ ಸುಲಿದಿತ್ತು, ಮೂತ್ರ ಉರಿ ಇತ್ತು. ಎರಡೂ ಕೆಲವು ವಾರದಲ್ಲಿ ಹೋದವು.

ಒಳಗಿನ ಕರೆಂಟು

ಬ್ರಾಕಿಥೆರಪಿ ಅಂದರೆ ಯೋನಿಯ ಮೂಲಕ ಗರ್ಭಕೋಶದ ಒಳಗೆ ಸಣ್ಣ ನಳಿಕೆಗಳನ್ನು ಇಟ್ಟು, ಅದರ ಮೂಲಕ ಇರಿಡಿಯಂ ಅನ್ನುವ ವಿಕಿರಣದ ತುಣುಕನ್ನು ಕೆಲವು ನಿಮಿಷ ಒಳಗೆ ಕಳಿಸಿ ವಾಪಸ್ ತೆಗೆಯುವುದು. ಬಿಟ್ಟುಹೋಗುವವರು ಹೆಚ್ಚಾಗಿ ಇಲ್ಲೇ ಬಿಟ್ಟುಹೋಗುತ್ತಾರೆ. ಇದಿಲ್ಲದೆ ಚಿಕಿತ್ಸೆ ಪೂರ್ತಿಯಲ್ಲ. ಈ ಸಲ ನಾವು ಮುಂಚೆಯೇ ಅಕ್ಕನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆವು. ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ನೋವು ಗೊತ್ತಾಗಲ್ಲ, ಒಳಗೆ ಹೆಂಗಸು ನರ್ಸ್ ಇರುತ್ತಾಳೆ ಅಂತ ಹೇಳಿದೆವು. ಕಳೆದ ದಿನಗಳನ್ನು ಹಿಡಿಯಲು ಡಾಕ್ಟರು ಎರಡನೆಯದು ಮೂರನೆಯದನ್ನು ಒಂದೇ ವಾರದಲ್ಲಿ ಇಟ್ಟರು. 44, 51, 54ನೇ ದಿನ. ಎಂಟು ವಾರದ ಗಡಿಗೆ ಎರಡೇ ದಿನ ಉಳಿದಿತ್ತು.

ಟ್ರಂಕಿನಲ್ಲಿ ಉಳಿದ ಡಬ್ಬಿ

ಚಿಕಿತ್ಸೆ ಮುಗಿದ ದಿನ ನಾವು ಎಲ್ಲರಿಗೂ ಒಂದು ಡೈಲೇಟರ್ ಕೊಡುತ್ತೇವೆ. ನಯವಾದ ಪ್ಲಾಸ್ಟಿಕ್ ಕಡ್ಡಿಯಂಥದು. ರೇಡಿಯೇಷನ್ ಆದ ಮೇಲೆ ಯೋನಿಯ ಗೋಡೆಗಳು ಒಣಗಿ, ಒಂದಕ್ಕೊಂದು ಅಂಟಿಕೊಂಡು, ದಾರಿ ಕಿರಿದಾಗುತ್ತ ಹೋಗುತ್ತದೆ. ಉರಿ ಕಡಿಮೆಯಾದ ಮೇಲೆ, ಎರಡರಿಂದ ನಾಲ್ಕು ವಾರದೊಳಗೆ ಶುರುಮಾಡಿ, ವಾರಕ್ಕೆ ಎರಡು ಮೂರು ಸಲ ಜೆಲ್ಲಿ ಹಚ್ಚಿ ಐದು ಹತ್ತು ನಿಮಿಷ ಒಳಗಿಟ್ಟುಕೊಂಡರೆ ದಾರಿ ಉಳಿಯುತ್ತದೆ. ಗಂಡ ಹೆಂಡತಿಯ ವಿಷಯ ಒಂದು ಕಡೆ. ದಾರಿ ಮುಚ್ಚಿದರೆ ಮುಂದೆ ಡಾಕ್ಟರಿಗೆ ಒಳಗೆ ಪರೀಕ್ಷೆ ಮಾಡಿ ರೋಗ ಮರುಕಳಿಸಿದೆಯೇ ಅಂತ ನೋಡಲೂ ಆಗುವುದಿಲ್ಲ.

ಅಕ್ಕನಿಗೆ ನಾನು ಇದನ್ನು ಹೇಳಿದ್ದು ಔಷಧಿ ಕೌಂಟರಿನ ಎದುರು. ಗಂಡ ಹಿಂದೆ ನಿಂತಿದ್ದರು, ಮಗಳು ಪಕ್ಕದಲ್ಲಿದ್ದಳು. ಡಬ್ಬಿಯೊಳಗಿನ ಕಾಗದ ಇಂಗ್ಲಿಷಿನಲ್ಲಿತ್ತು. ನಾನು "ಒಳ ದಾರಿಗೆ ಇದನ್ನ ಉಪಯೋಗಿಸಬೇಕು, ಮರೀಬೇಡಿ" ಅಂದೆ. ಅಕ್ಕ ಸೆರಗಿನ ಕೆಳಗೆ ಮುಚ್ಚಿಕೊಂಡು ತೆಗೆದುಕೊಂಡು ಹೋದರು. ನೀರಿನ ಪಾಠ ಕಲಿತು ಒಂದು ತಿಂಗಳೂ ಆಗಿರಲಿಲ್ಲ, ನಾನು ಅದೇ ತಪ್ಪನ್ನು ಇನ್ನೊಂದು ಜಾಗದಲ್ಲಿ ಮಾಡಿದ್ದೆ.

ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಗೆಡ್ಡೆ ಇರಲಿಲ್ಲ. ಎಲ್ಲರೂ ಕೈಮುಗಿದರು. ಆದರೆ ಒಳ ಪರೀಕ್ಷೆ ಮಾಡಲು ಹೋದ ಡಾಕ್ಟರಿಗೆ ಬೆರಳು ಅರ್ಧವೂ ಹೋಗಲಿಲ್ಲ. ಅಕ್ಕ ನೋವಿಗೆ ಮಂಚದ ಅಂಚು ಹಿಡಿದುಕೊಂಡರು. ಡಬ್ಬಿ ಮನೆಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ತೆರೆಯದೆ ಇತ್ತು.

ಅವತ್ತು ನಾನು ಒಂದು ಕೋಣೆ ಹುಡುಕಿ ಬಾಗಿಲು ಹಾಕಿ ಕೂತೆ. ಮಗಳನ್ನೂ ಹೊರಗೆ ಕಳಿಸಿದೆ. ಒಂದು ಗಂಟೆ ಮಾತಾಡಿದೆವು. ಮೊದಲ ಅರ್ಧ ಗಂಟೆ ಈರುಳ್ಳಿ ರೇಟು, ಮಗನ ಕೆಲಸ. ಆಮೇಲೆ ಅಕ್ಕನೇ ಕೇಳಿದರು, "ಸಿಸ್ಟ್ರೇ, ಇವರು ಹತ್ತಿರ ಬಂದ್ರೆ ಈ ಕಾಯಿಲೆ ಇವರಿಗೂ ಹತ್ತುತ್ತಾ?" ಅದರ ಹಿಂದೆಯೇ ಇನ್ನೊಂದು: "ಒಳಗಿನ ಕರೆಂಟು ಇನ್ನೂ ಇದೆಯಲ್ವಾ, ಕೂಸನ್ನ ಎತ್ತಿಕೊಂಡ್ರೆ ಅದಕ್ಕೆ ಏನಾದ್ರೂ ಆಗುತ್ತಾ?"

ಛತ್ರದಲ್ಲಿ ಮಗಳ ಜೊತೆ ಇದ್ದಾಗಲೂ ಅಕ್ಕ ಮೊಮ್ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ, ಸುಸ್ತಿರಬೇಕು ಅಂದುಕೊಂಡಿದ್ದೆ. ಮನೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ. ಕೂಸು ಅಂಬೆಗಾಲಿಟ್ಟು ಹತ್ತಿರ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರಂತೆ. ಸೊಸೆಗೆ ಮೊಮ್ಮಗು ಕಂಡರೆ ಆಗಲ್ಲ ಅಂತ ಅತ್ತೆ ಆಡಿಕೊಂಡಿದ್ದರು.

ನಿಧಾನಕ್ಕೆ ಹೇಳಿದೆ. ಹೊರಗಿನಿಂದ ಕೊಟ್ಟ ಕಿರಣ ದೀಪದ ಬೆಳಕಿನ ಹಾಗೆ, ಮಷೀನ್ ಆರಿಸಿದ ಕೂಡಲೇ ಇಲ್ಲ. ಒಳಗಿನದು ಅವತ್ತೇ ನಳಿಕೆಯ ಜೊತೆ ಹೊರಗೆ ಬಂದಿದೆ. ಮೈಯಲ್ಲಿ ಏನೂ ಉಳಿದಿಲ್ಲ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಈ ಕ್ಯಾನ್ಸರ್‌ಗೆ ಮೂಲ ಎಚ್‌ಪಿವಿ ಅನ್ನುವ ವೈರಸ್, ಅದು ಗಂಡ ಹೆಂಡತಿ ಸೇರುವುದರಿಂದ ಹರಡುವುದು ನಿಜ. ಆದರೆ ಅದು ಬಹುಪಾಲು ಜನರಿಗೆ ಬದುಕಿನಲ್ಲಿ ಯಾವಾಗಲೋ ಬಂದು ತಾನಾಗೇ ಹೋಗಿರುತ್ತದೆ, ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿದು ಹೀಗೆ ಮಾಡುತ್ತದೆ. ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ಅಕ್ಕ ಬಹಳ ಹೊತ್ತು ಅತ್ತರು. ಹೊರಗೆ ಬಂದವರೇ ಮಗಳ ಕೈಯಿಂದ ಕೂಸನ್ನು ಇಸಿದುಕೊಂಡರು. ಮಗಳು ನನ್ನ ಮುಖ ನೋಡಿದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ.

ಆಮೇಲೆ ಕೆಲಸ ಸುಲಭವಾಯಿತು. ಡಾಕ್ಟರು ಅಂಟಿಕೊಂಡ ಭಾಗವನ್ನು ಮೆಲ್ಲಗೆ ಬಿಡಿಸಿದರು, ಹಚ್ಚಲು ಈಸ್ಟ್ರೋಜನ್ ಕ್ರೀಮು ಬರೆದರು. ಡೈಲೇಟರನ್ನು ಅತಿ ಸಣ್ಣ ಅಳತೆಯಿಂದ, ನಮ್ಮ ಕೋಣೆಯಲ್ಲೇ, ಅಕ್ಕನ ಕೈಯಿಂದಲೇ ಮೊದಲ ಸಲ ಮಾಡಿಸಿದೆವು. ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುವುದನ್ನು ಅಕ್ಕ ಜ್ವರ ಅಂದುಕೊಂಡು ಪ್ಯಾರಾಸಿಟಮಾಲ್ ನುಂಗುತ್ತಿದ್ದರು. ಅದು ಜ್ವರವಲ್ಲ. ಅಂಡಾಶಯಗಳಿಗೂ ಕಿರಣ ತಗುಲಿ ಮುಟ್ಟು ಒಮ್ಮೆಲೇ ನಿಂತ ಲಕ್ಷಣ. ಕ್ಯಾಲ್ಸಿಯಂ, ವಿಟಮಿನ್ ಡಿ ಶುರುಮಾಡಿದರು, ಯಾಕೆಂದರೆ ಮುಟ್ಟು ಬೇಗ ನಿಂತರೆ ಮೂಳೆ ಬೇಗ ಸವೆಯುತ್ತದೆ. ಗಂಡನ ಜೊತೆ ನಮ್ಮ ಗಂಡು ಕೌನ್ಸೆಲರ್ ಬೇರೆಯಾಗಿ ಮಾತಾಡಿದರು. ಅವರ ಭಯ ಬೇರೆಯೇ ಇತ್ತು. ತಾನು ಮುಟ್ಟಿದರೆ ಗಾಯ ಒಡೆದು ಮತ್ತೆ ರಕ್ತ ಬರುತ್ತದೆ ಅಂತ ದೂರ ಇದ್ದರು. ಅವರು ದೂರ ಇದ್ದದ್ದನ್ನು ಅಕ್ಕ ಅಸಹ್ಯ ಅಂದುಕೊಂಡಿದ್ದರು. ದಾರಿ ಪೂರ್ತಿ ಮೊದಲಿನಂತೆ ಆಗಲಿಲ್ಲ. ಆದರೆ ಪರೀಕ್ಷೆಗೆ ಸಾಲುವಷ್ಟು, ಇಬ್ಬರ ಬದುಕಿಗೂ ಸಾಲುವಷ್ಟು ಆಯಿತು ಅಂತ ಅಕ್ಕನೇ ಹೇಳಿದರು.

ಹದಿಮೂರನೇ ತಿಂಗಳ ಫೋನು

ಚಿಕಿತ್ಸೆ ಮುಗಿದು ಹದಿಮೂರು ತಿಂಗಳಾದಾಗ ಒಂದು ಬೆಳಗ್ಗೆ ವಿಭಾಗದ ಫೋನಿಗೆ ಅಕ್ಕನ ಕರೆ ಬಂತು. ಅವರದೇ ಫೋನು, ಮಗ ಕೊಡಿಸಿದ್ದ. "ಹಿಂದುಗಡೆಯಿಂದ ರಕ್ತ ಬರ್ತಿದೆ ಸಿಸ್ಟ್ರೇ. ದಿನಕ್ಕೆ ಎರಡು ಸಲ. ಹತ್ತು ದಿನ ಆಯ್ತು. ನೋವಿಲ್ಲ." ನಾನು ಏನೂ ಕೇಳುವ ಮುಂಚೆಯೇ ಎಷ್ಟು ಸಲ, ಎಷ್ಟು ದಿನ, ನೋವಿದೆಯಾ ಇಲ್ಲವಾ ಎಲ್ಲ ಹೇಳಿದ್ದರು.

ಮನೆಯಲ್ಲಿ ಕ್ಯಾನ್ಸರ್ ತಿರುಗಿ ಬಂತು ಅಂತ ಅಳು. ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ಮೂಲವ್ಯಾಧಿ ಅಂತ ಹೇಳಿ, ವಾರದೊಳಗೆ ಆಪರೇಷನ್ ಮಾಡಿಸಿ ಅಂದಿದ್ದರು. ಅಕ್ಕ ತಮ್ಮ ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿದ್ದರು. ಡೈಲೇಟರ್ ಪ್ರಸಂಗ ಆದ ಮೇಲೆ ಅದರ ಹಿಂದೆ ನಾವು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಶುರುಮಾಡಿದ್ದೆವು: "ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಬಂದರೆ, ಅಲ್ಲಿ ಆಪರೇಷನ್ ಅಥವಾ ಬಯಾಪ್ಸಿ ಮಾಡಿಸುವ ಮುಂಚೆ ನಮಗೆ ಫೋನ್ ಮಾಡಿ."

ಈ ಸಾಲು ಯಾಕೆ ಬೇಕು ಅಂದರೆ, ಗುದನಾಳದ ಮುಂದಿನ ಗೋಡೆ ಗರ್ಭಕಂಠದ ಬೆನ್ನಿಗೇ ಇರುತ್ತದೆ. ರೇಡಿಯೇಷನ್ ಆದ ಕೆಲವು ತಿಂಗಳಿಂದ ಎರಡು ಮೂರು ವರ್ಷದವರೆಗೆ ಅಲ್ಲಿ ಹೊಸ, ತೆಳ್ಳಗಿನ ರಕ್ತನಾಳಗಳು ಜೇಡರ ಬಲೆಯಂತೆ ಹುಟ್ಟಿ ಸುಲಭವಾಗಿ ಒಡೆಯುತ್ತವೆ. ಆ ಗೋಡೆಗೆ ರಕ್ತ ಸಂಚಾರ ಕಡಿಮೆ. ಅಲ್ಲಿ ಕತ್ತರಿಸಿದರೆ, ಚೂರು ತೆಗೆದರೂ, ಗಾಯ ಮಾಯದೆ ಗುದನಾಳಕ್ಕೂ ಯೋನಿಗೂ ನಡುವೆ ತೂತು ಬೀಳಬಹುದು. ಮೂಲವ್ಯಾಧಿ ಅಂತ ಭಾವಿಸಿದ ಡಾಕ್ಟರನ್ನು ನಾನು ದೂರುವುದಿಲ್ಲ. ರೇಡಿಯೇಷನ್ ಆಗಿತ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಟ್ಯೂಬ್ ಹಾಕಿ ನೋಡಿದಾಗ ಅದೇ ಕಂಡಿತು. ಬಯಾಪ್ಸಿ ತೆಗೆಯಲಿಲ್ಲ. ಸ್ಕ್ಯಾನಿನಲ್ಲಿ ರೋಗ ಮರುಕಳಿಸಿದ ಗುರುತಿರಲಿಲ್ಲ. ಹಿಮೋಗ್ಲೋಬಿನ್ 9.2. ಆರು ವಾರ ಸುಕ್ರಾಲ್ಫೇಟ್ ಎನಿಮಾ (ಹಿಂದುಗಡೆಯಿಂದ ಒಳಗೆ ಬಿಡುವ ಔಷಧಿ), ಕಬ್ಬಿಣದ ಮಾತ್ರೆ. ರಕ್ತ ಅರ್ಧ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಆರ್ಗಾನ್ ಪ್ಲಾಸ್ಮಾ ಅನ್ನುವ ವಿಧಾನದಲ್ಲಿ ಒಡೆಯುವ ನಾಳಗಳನ್ನು ಮೇಲ್ಪದರದಲ್ಲಿ ಮಾತ್ರ ಸುಟ್ಟರು, ಎರಡು ಸಲ. ಎರಡನೆಯದಾದ ಮೇಲೆ ನಿಂತಿತು. ಈಗಲೂ ಅಕ್ಕನಿಗೆ ಮದುವೆ ಊಟ ಮಾಡಿದರೆ ಹೊಟ್ಟೆ ಕೆಡುತ್ತದೆ, ಬಂದಾಗ ತಕ್ಷಣ ಹೋಗಲೇಬೇಕು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ಇದ್ದೇ ಇರುತ್ತದೆ. ಪಕ್ಕದಲ್ಲಿ ಒಂದು ನೀರಿನ ಬಾಟಲಿಯೂ ಇರುತ್ತದೆ.

ನಾವು ಬದಲಿಸಿದ್ದು

ಜಗತ್ತಿನ ಕ್ಯಾನ್ಸರ್ ಲೆಕ್ಕ ಕೊಡುವ ಗ್ಲೋಬೋಕ್ಯಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಹೊಸದಾಗಿ ಈ ಕ್ಯಾನ್ಸರ್ ಕಂಡಿದೆ, ಸುಮಾರು 80 ಸಾವಿರ ಜನ ತೀರಿಕೊಂಡಿದ್ದಾರೆ. ನಮ್ಮ ಬೆಂಚಿನ ಮೇಲೆ ಕೂರುವವರಲ್ಲಿ ಬಹಳ ಜನ ಅಕ್ಕನ ಹಾಗೇ, ಕೇಳಿದರೆ ಚೆನ್ನಾಗಿದೀನಿ ಅನ್ನುವವರು. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆವು. ಈಗ ಪ್ರತಿಯೊಬ್ಬರ ಫೈಲಿನಲ್ಲಿ ಒಂದು ಕನ್ನಡ ಹಾಳೆ ಇದೆ. ನಿನ್ನೆ ಬೆಳಗ್ಗೆಯಿಂದ ಇವತ್ತಿನವರೆಗೆ ಹೊರಕಡೆ ಎಷ್ಟು ಸಲ ಹೋದಿರಿ? ನಿನ್ನೆ ಎಷ್ಟು ಲೋಟ ನೀರು? ಬರುವ ದಾರಿ ಎಷ್ಟು ಗಂಟೆ, ನಡುವೆ ಹೋಗಲು ಜಾಗ ಇದೆಯಾ? ಮನೆಯಲ್ಲಿ ಯಾರನ್ನಾದರೂ ಮುಟ್ಟಲು, ಜೊತೆಗೆ ಮಲಗಲು ಹೆದರುತ್ತಿದ್ದೀರಾ? ಗಂಡ ಹೆಂಡತಿಯ ವಿಷಯದಲ್ಲಿ ಏನಾದರೂ ಕೇಳಬೇಕಾ? ಮೊದಲ ತೂಕಕ್ಕಿಂತ ನೂರಕ್ಕೆ ಐದರಷ್ಟು ಇಳಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅವತ್ತೇ ಡಾಕ್ಟರಿಗೆ ತೋರಿಸಬೇಕು. ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಬಂದು ಒಂದೂವರೆ ಗಂಟೆಯಾದ ಮೇಲೆಯೇ ಸರದಿ. ಅಷ್ಟರಲ್ಲಿ ನಮ್ಮ ಕಣ್ಣ ಮುಂದೆಯೇ ನೀರು ಕುಡಿಯಬಹುದು. ಡೈಲೇಟರ್ ಕೊಡುವುದು ಬಾಗಿಲು ಹಾಕಿದ ಕೋಣೆಯಲ್ಲಿ ಮಾತ್ರ.

ಮೊದಲ ಮೂರು ಪ್ರಶ್ನೆಗೆ ಈಗ ಎಲ್ಲರೂ ಉತ್ತರ ಹೇಳುತ್ತಾರೆ, ನಾವೂ ಸರಾಗವಾಗಿ ಕೇಳುತ್ತೇವೆ. ಐದನೆಯದರ ಮುಂದಿನ ಜಾಗ ಮಾತ್ರ ಎಷ್ಟೋ ಹಾಳೆಗಳಲ್ಲಿ ಖಾಲಿಯೇ ಇರುತ್ತದೆ. ಹೋದ ಶುಕ್ರವಾರ ನಾನೇ ಒಂದನ್ನು ಖಾಲಿ ಬಿಟ್ಟೆ. ಮೂವತ್ತಾರರ ಹೆಂಗಸು, ಜೊತೆಗೆ ಮಾವ ಬಂದಿದ್ದರು, ಕೋಣೆಯೂ ಖಾಲಿ ಇರಲಿಲ್ಲ. ಸೋಮವಾರ ಅವರ ಸರದಿ ಹತ್ತೂವರೆಗೆ. ಒಂಬತ್ತಕ್ಕೇ ಬರಲು ಹೇಳಿದ್ದೇನೆ, ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.